ಹಳೆಯ ಚಿತ್ರಕಥೆಗಳ ಬೆಲೆ

ಅಮರ ಚಿತ್ರಕಥಾ ಮಾಲೆಯ ಇಂಗ್ಲಿಷ್ ಪುಸ್ತಕಗಳನ್ನು ಸಂಖ್ಯಾಕ್ರಮದಲ್ಲಿ ಜೋಡಿಸಿಡಲು ಹೊರಟವನಿಗೆ ಮೊದಲ ಹೆಜ್ಜೆಯಲ್ಲೇ ಒಂದು ತೊಡಕು ಎದುರಾಗುತ್ತದೆ. ಕಪಾಟಿನ ಮೊದಲ ಸ್ಥಾನದಲ್ಲಿ ನಿಲ್ಲಬೇಕಾದ 'ಕೃಷ್ಣ' ಎಂಬ ಪುಸ್ತಕದ ಸಂಖ್ಯೆ 1 ಅಲ್ಲ, 11. ಹಾಗಾದರೆ ಅದಕ್ಕೆ ಹಿಂದಿನ ಹತ್ತು ಎಲ್ಲಿ? ಈ ಪ್ರಶ್ನೆಯ ಉತ್ತರ ಕನ್ನಡಿಗರಾದ ನಮಗೆ ಹೆಮ್ಮೆಯನ್ನೂ, ಜತೆಗೆ ತುಸು ನಾಚಿಕೆಯನ್ನೂ ತರತಕ್ಕದ್ದು. ಆ ಹತ್ತು ಪುಸ್ತಕಗಳು ಮೊದಲು ಬಂದದ್ದು ಕನ್ನಡದಲ್ಲಿ.

ಈ ಮಾಲೆಗೆ 1967ನೆಯ ಇಸವಿಯನ್ನು ಜನ್ಮವರ್ಷವೆಂದು ಹೇಳುವುದು ರೂಢಿ. ಕಾರ್ಕಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಅನಂತ ಪೈ ಅವರು ದೆಹಲಿಯ ದೂರದರ್ಶನದಲ್ಲಿ ಒಂದು ರಸಪ್ರಶ್ನೆಯ ಕಾರ್ಯಕ್ರಮವನ್ನು ನೋಡಿದರೆಂದೂ, ಗ್ರೀಕ್ ದೇವತೆಗಳ ಹೆಸರು ಬಲ್ಲ ಮಕ್ಕಳಿಗೆ ಶ್ರೀರಾಮನ ತಾಯಿಯ ಹೆಸರು ತಿಳಿಯದೆ ಹೋದದ್ದನ್ನು ಕಂಡು ಮರುಗಿ ಈ ಕೆಲಸಕ್ಕೆ ಕೈಹಾಕಿದರೆಂದೂ ಹೇಳುವ ಕಥೆ ಎಲ್ಲರಿಗೂ ಗೊತ್ತು. ಅಷ್ಟು ಪ್ರಚಾರಕ್ಕೆ ಬಾರದ ಇನ್ನೊಂದು ಕಥೆ ಬೆಂಗಳೂರಿನದು. ಇಂಡಿಯಾ ಬುಕ್ ಹೌಸ್ ಸಂಸ್ಥೆಯಲ್ಲಿ ಪುಸ್ತಕ ಮಾರಾಟದ ಕೆಲಸದಲ್ಲಿದ್ದ ಜಿ. ಕೆ. ಅನಂತರಾಮ್ ಎಂಬವರು 1965ರಲ್ಲೇ ಸಿಂಡರೆಲಾ, ಸ್ನೋ ವೈಟ್ ಮುಂತಾದ ಪಾಶ್ಚಾತ್ಯ ಅದ್ಭುತಕಥೆಗಳ ಚಿತ್ರಪುಸ್ತಕಗಳನ್ನು ಕನ್ನಡ ಮಾತು ತುಂಬಿಸಿ ಹೊರಡಿಸಿದರು. ಇಂಗ್ಲಿಷಿಗಿಂತ ದೇಶಭಾಷೆಯಲ್ಲಿ ಮಕ್ಕಳನ್ನು ಮುಟ್ಟಬಹುದೆಂಬ ಅವರ ಎಣಿಕೆ ಸುಳ್ಳಾಗಲಿಲ್ಲ. ಮುಂದೆ ಮಾಲೆ ಮುಂಬಯಿಗೆ ಸೇರಿತು, ಸಿಂಡರೆಲಾ ಇದ್ದೆಡೆಗೆ ಕೃಷ್ಣ ಬಂದ, ಅನಂತ ಪೈಗಳು ದೇಶದ ಮಕ್ಕಳಿಗೆಲ್ಲ 'ಅಂಕಲ್ ಪೈ' ಆದರು. ಎರಡು ಕಥೆಗಳಲ್ಲಿ ಒಂದು ನಿಜವಾದರೆ ಇನ್ನೊಂದು ಸುಳ್ಳಾಗಬೇಕೆಂದೇನೂ ಇಲ್ಲ. ಆದರೆ ಬೆಂಗಳೂರಿನ ಕಥೆಗೆ ಸಾಕ್ಷಿಯಾಗಿ ನಿಲ್ಲಬೇಕಾದ ಆ ಹತ್ತು ಪುಸ್ತಕಗಳನ್ನು ಹುಡುಕಹೊರಟವನಿಗೆ ಕಷ್ಟ ಕಟ್ಟಿಟ್ಟ ಬುತ್ತಿ. ಅವು ಯಾವ ಬಾಯಿಗೆ ಬಿದ್ದವೆಂಬುದನ್ನು ಊಹಿಸುವುದು ಕಷ್ಟವಲ್ಲ.

ಹೊಳೆನರಸೀಪುರ ತಾಲ್ಲೂಕಿನ ನಮ್ಮ ಹರದನಹಳ್ಳಿಯಂಥ ಊರಿಗೆ ಕಾಮಿಕ್ಸ್ ಪುಸ್ತಕ ಬರುತ್ತಿದ್ದದ್ದು ಪೇಟೆಗೆ ಹೋದ ಮಾವನದೋ ಚಿಕ್ಕಪ್ಪನದೋ ಕೈಚೀಲದಲ್ಲಿ. ಹಾಸನದ ಬಸ್ ನಿಲ್ದಾಣದಲ್ಲಿ ಕೊಂಡದ್ದು, ಹುರಿಗಡಲೆಯ ಪೊಟ್ಟಣದ ಪಕ್ಕದಲ್ಲಿ ಮಡಿಸಿಕೊಂಡೇ ಮನೆಗೆ ಬರುತ್ತಿತ್ತು. ಅಣ್ಣ ಓದಿ, ತಂಗಿ ಓದಿ, ಪಕ್ಕದ ಮನೆಯವರು ಓದಿ, ಮುಖಪುಟ ಕಿತ್ತು, ಮೊದಲ ಹಾಳೆಯಲ್ಲಿ ಮೂರು ಮಂದಿಯ ಹೆಸರು ಬಿದ್ದು, ಒಳಗೆ ಯಾವನೋ ಕಲಾವಿದ ರಾಜಕುಮಾರಿಗೆ ನೀಲಿ ಶಾಯಿಯಲ್ಲಿ ಮೀಸೆ ಬರೆದು, ಕಡೆಗೆ ಅದು ಹಳೇ ಪೇಪರಿನವನ ತಕ್ಕಡಿಗೆ ಹೋಗುತ್ತಿತ್ತು. ಅಲ್ಲಿ ಅದಕ್ಕೆ ಬೆಲೆಯೇನೋ ಇತ್ತು, ತೂಕದ ಬೆಲೆ. ಅಳಿದುಳಿದದ್ದನ್ನು ಕಾಗದವೇ ತಿಂದಿತು. ಅಗ್ಗದ ಅಚ್ಚಿನ ಕಾಗದ ಮರದ ತಿರುಳಿನದು. ಗಾಳಿ ಬೆಳಕಿಗೆ ಅದು ಹಳದಿಯಾಗಿ, ಒಳಗಿನ ಆಮ್ಲದಿಂದ ತಾನೇ ಹಪ್ಪಳವಾಗುತ್ತದೆ. ಅರಕಲಗೂಡಿನ ಕಡೆಯ ಮಳೆಗಾಲವಾದರೆ ಬೂಷ್ಟು ಬೇರೆ.

ಹೀಗಾದದ್ದು ನಮ್ಮಲ್ಲಿ ಮಾತ್ರವೆಂದು ತಿಳಿಯಬಾರದು. ಅಮೆರಿಕದಲ್ಲಿ 1938ರ ಜೂನ್ ತಿಂಗಳ ಹೆಸರಿನಲ್ಲಿ ಹೊರಬಂದ 'ಆ್ಯಕ್ಷನ್ ಕಾಮಿಕ್ಸ್' ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಮೊದಲ ಸಲ ಕಾಣಿಸಿಕೊಂಡ. ಬೆಲೆ 10 ಸೆಂಟು. ಹುಡುಗರು ಓದಿದರು, ತಾಯಂದಿರು ಎಸೆದರು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಮನೆಮನೆಯಿಂದ ರದ್ದಿ ಕಾಗದ ಎತ್ತುವ ಚಳವಳಿ ನಡೆದು ರಾಶಿಗಟ್ಟಲೆ ಕಾಮಿಕ್ಸು ಗಿರಣಿಗೆ ಹೋಯಿತು. ಈಗ ಆ ಸಂಚಿಕೆಯ ಪ್ರತಿಗಳು ಉಳಿದಿರುವುದು ನೂರರ ಆಸುಪಾಸಿನಲ್ಲಿ ಎಂದು ಬಲ್ಲವರ ಅಂದಾಜು. 2024ರಲ್ಲಿ ಅಂಥ ಒಂದು ಪ್ರತಿ 60 ಲಕ್ಷ ಡಾಲರಿಗೆ ಹರಾಜಾಯಿತು.

ಇಷ್ಟು ದುಡ್ಡು ಓಡಾಡುವ ಕಡೆ ಅಳತೆಗೋಲು ಬೇಕಾಗುವುದು ಸಹಜ. 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಎಂಬಾತ ಹಳೆಯ ಕಾಮಿಕ್ಸುಗಳ ಬೆಲೆಪಟ್ಟಿಯನ್ನು ಪುಸ್ತಕರೂಪದಲ್ಲಿ ತಂದ. 2000ದಲ್ಲಿ ದರ್ಜೆ ನಿರ್ಣಯಿಸುವುದಕ್ಕೆಂದೇ ಸಿ. ಜಿ. ಸಿ. ಎಂಬ ಸಂಸ್ಥೆ ಹುಟ್ಟಿತು. ನಾಣ್ಯಗಳಿಗೆ ದರ್ಜೆ ಕೊಡುತ್ತಿದ್ದವರ ಬಳಗದಿಂದಲೇ ಬಂದದ್ದು ಅದು. ಅವರು ಪುಸ್ತಕದ ಬೆನ್ನಿನ ಮೇಲಿನ ಗೆರೆ, ಮೂಲೆಯ ಮೊಂಡುತನ, ಪಿನ್ನಿನ ತುಕ್ಕು, ಮುಖಪುಟದ ಹೊಳಪು, ಹಾಳೆಯ ಬಿಳುಪು ಇವನ್ನೆಲ್ಲ ಪರೀಕ್ಷಿಸಿ ಹತ್ತಕ್ಕೆ ಇಂತಿಷ್ಟು ಎಂದು ಅಂಕ ಕೊಟ್ಟು, ಪುಸ್ತಕವನ್ನು ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಯಲ್ಲಿ ಮುಚ್ಚಿ ಮೊಹರು ಹಾಕಿಕೊಡುತ್ತಾರೆ. 9.8ಕ್ಕೂ 9.4ಕ್ಕೂ ನಡುವಣ ವ್ಯತ್ಯಾಸ ನಮ್ಮ ನಿಮ್ಮ ಕಣ್ಣಿಗೆ ಕಾಣದು, ಜೇಬಿಗೆ ಮಾತ್ರ ಚೆನ್ನಾಗಿ ಕಾಣುತ್ತದೆ.

ಈ ಪದ್ಧತಿಯನ್ನು ಬರಿಯ ಹುಚ್ಚೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅಂಚು ಕತ್ತರಿಸಿ ಹೊಸದರಂತೆ ಕಾಣಿಸುವವರು, ಮಾಸಿದ ಕಡೆ ಬಣ್ಣ ಹಚ್ಚುವವರು, ಒಂದು ಪ್ರತಿಯ ನಡುಹಾಳೆಯನ್ನು ಇನ್ನೊಂದಕ್ಕೆ ಸೇರಿಸುವವರು ಈ ವ್ಯಾಪಾರದಲ್ಲಿ ಹಿಂದಿನಿಂದಲೂ ಇದ್ದಾರೆ. ಅಂಥದನ್ನು ಕಂಡುಹಿಡಿದು ಚೀಟಿಯ ಮೇಲೆ ಬರೆದು ಹೇಳುವುದು ಕೊಳ್ಳುವವನಿಗೆ ಉಪಕಾರವೇ ಸರಿ. ನನ್ನ ತಕರಾರು ಇರುವುದು ಪೆಟ್ಟಿಗೆಯ ವಿಚಾರದಲ್ಲಿ. ನಾಣ್ಯವನ್ನು ಗಾಜಿನಲ್ಲಿಟ್ಟರೆ ಅದರ ಎರಡು ಮುಖಗಳನ್ನೂ ನೋಡಬಹುದು, ನಾಣ್ಯಕ್ಕೆ ಇರುವುದೇ ಎರಡು ಮುಖ. ಪುಸ್ತಕವನ್ನು ಹಾಗೆ ಮುಚ್ಚಿಟ್ಟರೆ ಉಳಿಯುವುದು ಹೊದಿಕೆ ಮಾತ್ರ. ಒಳಗೆ ಸೂಪರ್‌ಮ್ಯಾನ್ ಹಾರುತ್ತಿದ್ದಾನೋ ಮಲಗಿದ್ದಾನೋ ಯಾರಿಗೆ ಗೊತ್ತು?

ಅವನು ಸತ್ತ ಸಮಾಚಾರವೂ ಇಲ್ಲಿ ಹೇಳತಕ್ಕದ್ದೇ. 1992ರ ನವೆಂಬರಿನಲ್ಲಿ ಸೂಪರ್‌ಮ್ಯಾನ್ ಮಡಿಯುವ ಸಂಚಿಕೆ ಕಪ್ಪು ಚೀಲದಲ್ಲಿ ಮುಚ್ಚಿಕೊಂಡು ಮಾರಾಟಕ್ಕೆ ಬಂತು. ಜನ ಸಾಲುಗಟ್ಟಿ ನಿಂತು, ಒಬ್ಬೊಬ್ಬರು ಹಲವು ಪ್ರತಿ ಕೊಂಡು, ಚೀಲವನ್ನು ಬಿಚ್ಚದೆ, ಮಕ್ಕಳ ಕಾಲೇಜಿನ ಖರ್ಚಿಗೆ ಆದೀತೆಂದು ಎತ್ತಿಟ್ಟರು. ಅಚ್ಚಾದದ್ದು ಲಕ್ಷ ಲಕ್ಷ ಪ್ರತಿ, ಎಲ್ಲವೂ ಜೋಪಾನ. ಎಲ್ಲರ ಮನೆಯಲ್ಲೂ ಇರುವ ವಸ್ತುವನ್ನು ಕೊಳ್ಳುವವರು ಯಾರು? ಕೆಲವೇ ವರ್ಷಗಳಲ್ಲಿ ಆ ಪೇಟೆ ಕುಸಿದು ಎಷ್ಟೋ ಅಂಗಡಿಗಳು ಬಾಗಿಲು ಹಾಕಿದವು. ಸ್ಪೈಡರ್‌ಮ್ಯಾನನ ಮನೆಯಾದ ಮಾರ್ವೆಲ್ ಸಂಸ್ಥೆಯೇ 1996ರ ಡಿಸೆಂಬರಿನಲ್ಲಿ ದಿವಾಳಿಯೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿತು.

ನಮ್ಮ ನಾಡಿನಲ್ಲಿ ಮುಸುಕುಧಾರಿ ವೀರರ ಕಥೆಗಳಿಗೆ ಹಾದಿ ಮಾಡಿದ್ದು ಇಂದ್ರಜಾಲ ಕಾಮಿಕ್ಸ್. ಟೈಮ್ಸ್ ಆಫ್ ಇಂಡಿಯಾ ಬಳಗದವರು 1964ರ ಮಾರ್ಚಿಯಲ್ಲಿ ಇದನ್ನು ಆರಂಭಿಸಿದರು. ಅನಂತ ಪೈಗಳು ಅಮರ ಚಿತ್ರಕಥೆಗೆ ಮುಂಚೆ ಕೆಲಸ ಕಲಿತದ್ದೂ ಇಲ್ಲೇ. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್ ಇದರ ಮೊದಲ ನಾಯಕ, ಮೊದಲ 32 ಸಂಚಿಕೆಗಳೂ ಅವನವೇ. ಆಮೇಲೆ ಮಾಂಡ್ರೇಕ್ ಮೊದಲಾದವರು ಬಂದರು, 1976ರಲ್ಲಿ ಆಬಿದ್ ಸೂರ್ತಿಯವರ ಬಹಾದೂರ್ ಬಂದ. ಕನ್ನಡ ಸೇರಿ ಹಲವು ಭಾಷೆಗಳಲ್ಲಿ ಹಬ್ಬಿ, 1990ರಲ್ಲಿ ಮಾಲೆ ನಿಂತಿತು.

ಇಲ್ಲಿ ಕನ್ನಡದ ಮೇಷ್ಟರುಗಳಿಗೆ ರುಚಿಸಬಹುದಾದ ಒಂದು ಸಂಗತಿಯಿದೆ. ಫ್ಯಾಂಟಮ್ ವಾಸಿಸುವ ಕಾಡಿನ ದೇಶಕ್ಕೆ ಮೂಲದಲ್ಲಿದ್ದ ಹೆಸರು ನಮ್ಮ ಬಂಗಾಳವನ್ನು ನೆನಪಿಗೆ ತರುವಂಥದು, ಅವನ ಶತ್ರುಗಳಾದ ಕಡಲ್ಗಳ್ಳರು 'ಸಿಂಗ್' ಎಂಬ ಪಂಗಡದವರು. ಭಾರತದ ಓದುಗರಿಗೆ ಇದು ಸಲ್ಲದೆಂದು ಇಂದ್ರಜಾಲದವರು ದೇಶವನ್ನು 'ಡೆಂಕಾಲಿ' ಎಂದೂ, ಕಳ್ಳರನ್ನು 'ಸಿಂಗಾ' ಎಂದೂ ತಿದ್ದಿದರು. ಇದು ಪಾಠಾಂತರವಲ್ಲದೆ ಮತ್ತೇನು? ಪಂಪಭಾರತದ ಒಂದು ಓಲೆಪ್ರತಿಯಲ್ಲಿ ಇಂಥ ಒಂದು ಅಕ್ಷರ ಬದಲಾಗಿದ್ದರೆ ನಾವು ಅಡಿಟಿಪ್ಪಣಿ ಬರೆಯುತ್ತೇವೆ. ಇಲ್ಲಿ ಆ ಕೆಲಸ ಮಾಡಿದವರು ಹವ್ಯಾಸಿ ಸಂಗ್ರಾಹಕರು. ಇಂದ್ರಜಾಲದ 123 ಮತ್ತು 124ನೆಯ ಸಂಖ್ಯೆಗಳು ಮುಷ್ಕರದ ದೆಸೆಯಿಂದ ಅಚ್ಚೇ ಆಗಲಿಲ್ಲವೆಂದು ಅವರು ಹೇಳದಿದ್ದರೆ, ಆ ಎರಡನ್ನು ಹುಡುಕುತ್ತ ಆಯುಷ್ಯ ಕಳೆಯುವವರು ಇರುತ್ತಿದ್ದರು. 443ರ ಬಳಿಕ ಎಣಿಕೆಯ ಕ್ರಮ ಬದಲಾಗಿ ಸಂಪುಟ, ಸಂಚಿಕೆ ಎಂದಾದದ್ದನ್ನು ಹೊಂದಿಸಿ, ಒಟ್ಟು 803 ಸಂಚಿಕೆ ಎಂದು ಲೆಕ್ಕ ಕೊಟ್ಟವರೂ ಅವರೇ. ಪ್ರಕಾಶಕರು ತಮ್ಮ ಪ್ರತಿಯೊಂದು ಪುಸ್ತಕವನ್ನೂ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಮೂರು ಗ್ರಂಥಾಲಯಗಳಿಗೂ ಒಪ್ಪಿಸಬೇಕೆಂಬ ಕಾನೂನು 1954ರಿಂದ ಇದೆ. ಆದರೆ ಮಕ್ಕಳ ಚಿತ್ರಪುಸ್ತಕವನ್ನು ಪುಸ್ತಕವೆಂದು ಎಣಿಸುವ ಮನಸ್ಸನ್ನು ಕಾನೂನು ಕೊಡಲಾರದು. ಬಾಲಮಂಗಳದ ಡಿಂಗನೆಂಬ ಇಲಿರಾಯ, ಸೂಪರ್‌ಮ್ಯಾನನಂತೆಯೇ ಹಾರುತ್ತ ಒಂದು ತಲೆಮಾರಿನ ಕನ್ನಡ ಮಕ್ಕಳನ್ನು ಕುಣಿಸಿದವನು. ಅವನ ಮೇಲೆ ಸಂಶೋಧನ ಪ್ರಬಂಧಕ್ಕೆ ಅರ್ಜಿ ಹಾಕಿ ನೋಡಿ, ಸಮಿತಿಯವರ ಮುಖಭಾವವೇ ಉತ್ತರ ಹೇಳುತ್ತದೆ.

ದರ್ಜೆಯ ವಿಚಾರದಲ್ಲಿ ನಾವು ಅಮೆರಿಕದಿಂದ ಕಲಿಯುವುದಕ್ಕಿಂತ ನಮ್ಮ ಜಿಲ್ಲೆಯಿಂದಲೇ ಕಲಿಯಬಹುದೆಂದು ನನಗೆ ತೋರುತ್ತದೆ. ಫ್ಯಾಂಟಮ್ ಹುಟ್ಟಿದ ಅದೇ 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದರು. ಅದರ ಮೂಲೆ ಎಷ್ಟು ಚೂಪಾಗಿದೆ ಎಂದು ನೋಡಿ ಯಾರೂ ಅಂಕ ಹಾಕಲಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳನ್ನು ರೈಸ್ ಅವರು 1889ರಲ್ಲೂ ಆರ್. ನರಸಿಂಹಾಚಾರ್ಯರು 1923ರಲ್ಲೂ ಪ್ರಕಟಿಸಿದಾಗ, ಅಳಿಸಿಹೋದ ಅಕ್ಷರಗಳನ್ನು ಅಳಿಸಿದೆ ಎಂದೇ ಗುರುತಿಸಿದರು. ಕಲ್ಲಿನ ಸ್ಥಿತಿಯ ವಿವರ ಅಲ್ಲಿ ಶಾಸನವನ್ನು ಓದುವುದಕ್ಕೆ ನೆರವು, ಅದರ ಗೌರವವನ್ನು ಕುಗ್ಗಿಸುವ ದೋಷಪಟ್ಟಿಯಲ್ಲ. ಇನ್ನೊಂದು ಮಾತು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿ. ಪ್ರತಿ ಹೆಚ್ಚಿದಷ್ಟೂ ಪುಣ್ಯ ಹೆಚ್ಚೆಂಬುದು ಅವಳ ಲೆಕ್ಕ. ಪ್ರತಿ ಕಡಿಮೆಯಾದಷ್ಟೂ ಬೆಲೆ ಹೆಚ್ಚೆಂಬುದು ಹರಾಜಿನವರ ಲೆಕ್ಕ. ಎರಡನೆಯ ಲೆಕ್ಕದವನು ಒಳಗೊಳಗೇ ಉಳಿದವರ ಮನೆಗೆ ಗೆದ್ದಲು ಹಿಡಿಯಲೆಂದು ಹಾರೈಸುವವನೇ ಆಗಿರುತ್ತಾನೆ.

ಅಮೆರಿಕದ ಅಳತೆಯಲ್ಲಿ ಅತ್ಯಂತ ನಿಕೃಷ್ಟವಾದ ಪ್ರತಿಯೆಂದರೆ ದಬ್ಬಣದಿಂದ ಚುಚ್ಚಿ, ಹುರಿ ಹೊಲಿದು, ಅಂಚು ಕತ್ತರಿಸಿ, ಕ್ಯಾಲಿಕೋ ಹಾಕಿ ಬೈಂಡು ಮಾಡಿದ್ದು. ಆದರೆ ನಮ್ಮ ಕಡೆ ಕನ್ನಡದ ಚಿತ್ರಕಥೆಗಳು ಅಷ್ಟಿಷ್ಟು ಉಳಿದಿದ್ದರೆ ಬಹುಮಟ್ಟಿಗೆ ಹಾಗೆ ಉಳಿದವು. ಬಿಡಿಯಾಗಿದ್ದ ಪುಸ್ತಕ ರದ್ದಿಗೆ ಹೋಯಿತು, ಬೈಂಡಾಗಿ ದಪ್ಪಗಾದದ್ದು 'ಪುಸ್ತಕ'ವೆಂಬ ಮರ್ಯಾದೆ ಪಡೆದು ಅಟ್ಟ ಹತ್ತಿತು. ಅದರೊಳಗೆ ದಿನಬಾಡಿಗೆಯ ವಾಚನಾಲಯದ ಮೊಹರಿದ್ದರೆ, ಯಾವ ಊರಿನಲ್ಲಿ ಯಾರು ಏನನ್ನು ಓದುತ್ತಿದ್ದರೆಂಬುದಕ್ಕೆ ಅದೊಂದು ದಾಖಲೆ. ಮುಟ್ಟದೆ ಇಟ್ಟ 9.8ರ ಪ್ರತಿ ಅಂಗಡಿಯಿಂದ ಕಪಾಟಿಗೆ ಬಂದ ಸಂಗತಿಯನ್ನಷ್ಟೇ ಹೇಳಬಲ್ಲದು. ಆದುದರಿಂದ ಕನ್ನಡ ಕಾಮಿಕ್ಸುಗಳಿಗೆ ಪಟ್ಟಿ ಮಾಡಹೊರಡುವ ಗ್ರಂಥಾಲಯವೋ ಹವ್ಯಾಸಿಯೋ ಅಂಕದ ಪಕ್ಕದಲ್ಲಿ ಇನ್ನೊಂದು ಕಾಲಮ್ಮು ಎಳೆದು, ಹೆಸರು, ಮೊಹರು, ಹೊಲಿಗೆ, ಮೀಸೆ ಎಲ್ಲವನ್ನೂ ಬರೆದಿಡತಕ್ಕದ್ದು.

ಅಟ್ಟದಲ್ಲಿ ಅಂಥ ಬೈಂಡು ಇರುವ ವಾಚಕರಿಗೆ ಒಂದೆರಡು ವಿನಂತಿ. ಬೆಲೆ ಬಂದೀತೆಂದು ಹೊಲಿಗೆ ಬಿಚ್ಚಬೇಡಿ. ಹರಿದ ಕಡೆ ಅಂಟುವ ಟೇಪು ಹಚ್ಚಬೇಡಿ, ಅದರ ಅಂಟು ಹತ್ತು ವರ್ಷದಲ್ಲಿ ಕಾಗದವನ್ನು ಕಂದಿಸಿಬಿಡುತ್ತದೆ. ನೆಲಕ್ಕೆ ತಾಗದಂತೆ, ಬಿಸಿಲು ಬೀಳದ, ಗಾಳಿಯಾಡುವ ಕಡೆ ಇಡಿ. ಇಡುವ ಮುಂಚೆ ಒಂದೊಂದೇ ಪುಸ್ತಕದ ಸಂಖ್ಯೆಯನ್ನು ನೋಡಿ. ಸಂಖ್ಯೆ ಹನ್ನೊಂದಕ್ಕಿಂತ ಕಡಿಮೆಯಿದ್ದು, ಸಿಂಡರೆಲಾ ಕನ್ನಡದಲ್ಲಿ ಮಾತಾಡುತ್ತಿದ್ದರೆ, ಮುಖಪುಟ ಇಲ್ಲದಿದ್ದರೂ ಚಿಂತೆಯಿಲ್ಲ, ಹಳೇ ಪೇಪರಿನವನನ್ನು ಬಾಗಿಲಿಂದಲೇ ಕಳಿಸಿಬಿಡಿ.