ಯಡಿಯೂರು

ಯಡಿಯೂರು: ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಹೋಬಳಿ ಕೇಂದ್ರ, ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆಯಿರುವ ಕ್ಷೇತ್ರ. ಎಡೆಯೂರು ಎಂದೂ ಬರೆಯುತ್ತಾರೆ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಕುಣಿಗಲ್ ದಾಟಿ ಬೆಳ್ಳೂರು ಕ್ರಾಸಿನ ಕಡೆಗೆ ಹೋಗುವಾಗ ಸಿಗುತ್ತದೆ. ಬೆಂಗಳೂರು ಜಯನಗರದ ಬಳಿಯ ಯಡಿಯೂರು ಬೇರೆ.

ಊರಿಗೆ ಹೆಸರು ತಂದವರು ಈ ಊರಿನವರಲ್ಲ. ಸಿದ್ಧಲಿಂಗರು ಹುಟ್ಟಿದ್ದು ಚಾಮರಾಜನಗರದ ಹತ್ತಿರದ ಹರದನಹಳ್ಳಿಯಲ್ಲಿ. ಕಾಲ ವಿಜಯನಗರದ ಆಳ್ವಿಕೆಯದು. ಗೋಸಲ ಚನ್ನಬಸವೇಶ್ವರರಿಂದ ದೀಕ್ಷೆ ಪಡೆದು, 701 ವಿರಕ್ತರೊಡನೆ ನಾಡು ಸುತ್ತಿದರೆಂದು ಪರಂಪರೆ ಹೇಳುತ್ತದೆ. ಇದೇ ತಾಲ್ಲೂಕಿನ ಕಗ್ಗೆರೆಯಲ್ಲಿ ಭಕ್ತರೊಬ್ಬರ ತೋಟದಲ್ಲಿ ತಪಸ್ಸಿಗೆ ಕುಳಿತಾಗ ಮೈಮೇಲೆ ಹುತ್ತ ಬೆಳೆಯಿತು, ಹಸುವೊಂದು ಬಂದು ಹಾಲು ಕರೆಯಿತು ಎಂಬುದು ಇಂದಿಗೂ ಜನ ಮನಸಾರೆ ಹೇಳುವ ಕಥೆ. 'ತೋಂಟದ' ಎಂಬ ವಿಶೇಷಣ ಅಲ್ಲಿಂದಲೇ ಬಂತು. ಕೊನೆಗೆ ಯಡಿಯೂರಿನಲ್ಲಿ ನಿರ್ವಿಕಲ್ಪ ಸಮಾಧಿ ಹೊಂದಿದರು. ಗದ್ದುಗೆಯ ಮೇಲೆ ಗುಡಿ ಎದ್ದಿತು, ಗುಡಿಯ ಸುತ್ತ ಊರು ಬೆಳೆಯಿತು.

ಪವಾಡದ ಕಥೆಗಳಷ್ಟೇ ಅಲ್ಲ, ಸಾಹಿತ್ಯದಲ್ಲೂ ಈ ಯತಿಯ ಸ್ಥಾನ ದೊಡ್ಡದು. ಬಸವಣ್ಣನವರ ಕಾಲದ ಮೂರು ಶತಮಾನಗಳ ಬಳಿಕ ವಚನ ರಚನೆಗೆ ಮತ್ತೆ ಜೀವ ತುಂಬಿದವರಲ್ಲಿ ಇವರೇ ಮುಖ್ಯರು. 'ಷಟ್‌ಸ್ಥಲ ಜ್ಞಾನಸಾರಾಮೃತ'ದಲ್ಲಿ ಇವರ 701 ವಚನಗಳಿವೆ. ಇವರ ಶಿಷ್ಯ ಪರಂಪರೆಗೆ ಸೇರಿದ ಗೂಳೂರು ಸಿದ್ಧವೀರಣ್ಣೊಡೆಯರು ಶೂನ್ಯಸಂಪಾದನೆ ಎಂಬ ವಚನ ಸಂಕಲನದ ನಾಲ್ಕನೆಯ ಪರಿಷ್ಕರಣವನ್ನು ಸಂಕಲಿಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದದ್ದು ಇದನ್ನೇ. ಗೂಳೂರು ತುಮಕೂರಿನ ಮಗ್ಗುಲಲ್ಲೇ ಇದೆ. ಗಣೇಶನಿಗೆ ಹೆಸರಾದ ಆ ಊರನ್ನು ಇದಕ್ಕಾಗಿಯೂ ನೆನೆಯಬೇಕು. ಗದಗಿನ ತೋಂಟದಾರ್ಯ ಮಠವೂ ಇದೇ ಪರಂಪರೆಯದು.

ಹೊರಗಿನಿಂದ ಬಂದವರು ಕಟ್ಟಿದ ಊರುಗಳಿಗೆ ತವರಿನ ಹೆಸರು ಅಂಟಿಕೊಳ್ಳುವುದುಂಟು. ಜರ್ಮನಿಯಿಂದ ವಲಸೆ ಹೋದವರು 1845ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ನೆಲೆನಿಂತ ಊರು ನ್ಯೂ ಬ್ರೌನ್‌ಫೆಲ್ಸ್. ಹಳೆಯ ಬ್ರೌನ್‌ಫೆಲ್ಸ್ ಜರ್ಮನಿಯಲ್ಲಿದೆ. ಇಲ್ಲಿ ಆದದ್ದು ತಿರುಗುಮುರುಗು. ಹರದನಹಳ್ಳಿಯಿಂದ ಬಂದವರು ಯಡಿಯೂರು ಸಿದ್ಧಲಿಂಗರಾದರು. ಊರಿನ ಹೆಸರೇ ದೇವರ ಹೆಸರಾಗಿ, ಹರಕೆ ಹೊತ್ತ ಮನೆಗಳ ಮಕ್ಕಳ ಹೆಸರೂ ಆಯಿತು. ಮಂಡ್ಯ ಜಿಲ್ಲೆಯ ಬೂಕನಕೆರೆಯಲ್ಲಿ 1943ರಲ್ಲಿ ಹುಟ್ಟಿ ಮುಂದೆ ಮುಖ್ಯಮಂತ್ರಿಯಾದ ಬಿ.ಎಸ್. ಯಡಿಯೂರಪ್ಪನವರಿಗೆ ಈ ದೇವರ ಹೆಸರನ್ನೇ ಇಟ್ಟರು.

ದೇವಾಲಯ ಮುಜರಾಯಿ ಇಲಾಖೆಯ ಆಡಳಿತದಲ್ಲಿದೆ. ಬಂದವರಿಗೆಲ್ಲ ದಾಸೋಹದ ಊಟವಿದೆ. ಯುಗಾದಿ ಕಳೆದ ಮೇಲೆ ಚೈತ್ರದಲ್ಲಿ ತೇರು. 2017ರಲ್ಲಿ ಕುಣಿಗಲ್ ಮೂಲಕ ಬೆಂಗಳೂರು–ಹಾಸನ ರೈಲು ಮಾರ್ಗ ತೆರೆದ ಮೇಲೆ ಯಡಿಯೂರಿಗೂ ನಿಲ್ದಾಣ ಬಂತು. ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯ ಇಲ್ಲಿಗೆ ಹತ್ತಿರ.