ಸೂಜಿ ಹಿಡಿದ ಮೊದಲ ದಿನ

ಮೊನ್ನೆ ಎಂಟನೇ ತರಗತಿಯ ಮಕ್ಕಳನ್ನು ಲೇಪಾಕ್ಷಿಗೆ ಕರೆದುಕೊಂಡು ಹೋಗಿದ್ದೆವು. ತೂಗುಕಂಬದ ಕೆಳಗೆ ಬಟ್ಟೆ ತೂರಿಸಿ ಎಳೆಯುವ ಆಟ ಮುಗಿಯಿತು (ಅದಾಗದೆ ಲೇಪಾಕ್ಷಿ ನೋಡಿದ ಹಾಗೆ ಆಗುವುದಿಲ್ಲವಲ್ಲ!). ಆಮೇಲೆ ಎಲ್ಲರೂ ಕತ್ತೆತ್ತಿ ಛಾವಣಿಯ ಚಿತ್ರಗಳನ್ನು ನೋಡುತ್ತಿದ್ದಾಗ ಒಬ್ಬ ಹುಡುಗಿ ಕೇಳಿದಳು: "ಸಾರ್, ಇವರ ಬಟ್ಟೆಗಳನ್ನೆಲ್ಲ ಯಾರು ಹೊಲಿದರು?"

ಶಾಸನ, ಇಸವಿ, ರಾಜರ ಹೆಸರು ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ. ಈ ಪ್ರಶ್ನೆಗೆ ಮಾತ್ರ ತಡವರಿಸಿದೆ.

ಈ ಗುಡಿ ಅಚ್ಯುತದೇವರಾಯನ ಕಾಲದ್ದು (1529-1542). ಕಟ್ಟಿಸಿದವರು ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು. ಛಾವಣಿಯ ಹೆಂಗಸರು ಉಟ್ಟ ಸೀರೆಗಳಲ್ಲಿ ಪಟ್ಟೆ, ಚೌಕಳಿ, ಹೂವು ಎಲ್ಲವೂ ಇವೆ. ಲತಾಮಂಟಪದ ಕಂಬಗಳ ಮೇಲೆ ಕಲ್ಲಿನಲ್ಲೇ ಸೀರೆಯಂಚು ಬಿಡಿಸಿದ್ದಾರೆ. ಆದರೆ ಸೀರೆ ಹೊಲಿಯುವ ಬಟ್ಟೆಯಲ್ಲ. ಅದರ ಅಂದವೆಲ್ಲ ಮಗ್ಗದವರ, ಬಣ್ಣಗಾರರ ಕೆಲಸ. ಹೊಲಿಗೆ ಬೇಕೆಂದರೆ ಗಂಡಸರ ತಲೆ ನೋಡಬೇಕು. ಅಲ್ಲಿರುವ ಎತ್ತರದ ಟೋಪಿಗೆ ಕುಲ್ಲಾಯಿ ಎಂದು ಹೆಸರು. ಅದರ ಜೋಡಿ ಕಬಾಯಿ ಎಂಬ ನಿಲುವಂಗಿ. ವಿಜಯನಗರದ ಆಸ್ಥಾನಕ್ಕೆ ಇವೆರಡೂ ಪಶ್ಚಿಮ ಏಷ್ಯಾದ ಕಡೆಯಿಂದ ಬಂದ ಉಡುಪು. 1443ರಲ್ಲಿ ಹಂಪಿಗೆ ಬಂದ ಅಬ್ದುರ್ ರಜಾಕ್ ಕೂಡ ದೊರೆ ರೇಷ್ಮೆ ಅಂಗಿ ತೊಟ್ಟಿದ್ದನ್ನು ಬರೆದಿಟ್ಟಿದ್ದಾನೆ. ಇದನ್ನೆಲ್ಲ ಹೊಲಿಯುತ್ತಿದ್ದವರು ಕಸುಬುದಾರರು. ಚಿಪ್ಪಿಗ, ಸಿಂಪಿಗ ಎಂಬ ಮಾತುಗಳು ಕನ್ನಡದಲ್ಲಿ ಹಳೆಯವು, ದರ್ಜಿ ಎಂಬುದು ಪಾರಸಿಯಿಂದ ಬಂದದ್ದು. ಅದಕ್ಕೂ ಹಿಂದೆ, ಶರಣರ ಸಾಲಿನಲ್ಲೇ ಸೂಜಿಕಾಯಕದ ರಾಮಿತಂದೆ ಇದ್ದಾರೆ. ಅಂದರೆ ಸೂಜಿ ಒಬ್ಬರ ಹೊಟ್ಟೆಪಾಡಾಗಿತ್ತು, ಕಾಯಕವಾಗಿತ್ತು. ಹವ್ಯಾಸ ಎಂಬ ಮಾತು ಅದರ ಹತ್ತಿರ ಸುಳಿದಿರಲಿಲ್ಲ.

ಹಾಗಾದರೆ ಕಸುಬಿನವರಲ್ಲದವರ ಕೈಗೆ ಸೂಜಿ ಬಂದದ್ದು ಹೇಗೆ? ನನಗೆ ತೋರುವ ಉತ್ತರ, ಹರಿದ ಬಟ್ಟೆಯಿಂದ.

ನಮ್ಮ ಮನೆಯದನ್ನೇ ಹೇಳುತ್ತೇನೆ. ಅಜ್ಜಿ ಶಾಲೆಯ ಮುಖ ಕಂಡವಳಲ್ಲ. ಬೇಸಿಗೆಯಲ್ಲಿ ಹೊಲದ ಕೆಲಸ ಇಲ್ಲದಾಗ ಪಡಸಾಲೆಯಲ್ಲಿ ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಿದ್ದಳು. ಪಕ್ಕದ ತೆಲುಗಿನವರಿಗೆ ಅದು ಬೊಂತ. ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವ ಸಾದಾ ಹೊಲಿಗೆ ಅದು, ಮಗು ಕೂಡ ಹಾಕಬಹುದು. ನಾಲ್ಕೈದು ಹೆಂಗಸರು ಸುತ್ತ ಕೂತರೆ ಮಕ್ಕಳ ಕೆಲಸ ಸೂಜಿಗೆ ದಾರ ಪೋಣಿಸುವುದು. ಅಜ್ಜಿಯ ಕಣ್ಣು ಮಂಜಾಗಿದ್ದರಿಂದ ಆ ಕೆಲಸ ನನಗೂ ಸಿಗುತ್ತಿತ್ತು. ಒಂದು ದಿನ ಕೇಳದೆಯೇ ಒಂದು ಮೂಲೆಯಲ್ಲಿ ಹತ್ತು ಹೊಲಿಗೆ ಹಾಕಿಬಿಟ್ಟೆ. ಸೊಟ್ಟಗಿದ್ದವು. ಅಜ್ಜಿ ಬಿಚ್ಚಲಿಲ್ಲ. "ಇರಲಿ ಬಿಡು, ಇದು ನಿಂದು" ಎಂದಳು. ಕೌದಿ ಬೆಚ್ಚಗಿರಲು ಬಣ್ಣ ಹೊಂದಬೇಕಿಲ್ಲ. ಆದರೂ ಅಜ್ಜಿ ಮೇಲೆ ಹಚ್ಚುವ ಕೆಂಪು ತುಂಡಿಗೆ ಹಸಿರು ತುಂಡು ಹುಡುಕುತ್ತಿದ್ದಳು. ನಾವು ಹವ್ಯಾಸ ಎನ್ನುವುದು ಆ ಹುಡುಕಾಟದಲ್ಲೇ ಇತ್ತು. ಅಜ್ಜಿಗೆ ಆ ಪದ ಗೊತ್ತಿರಲಿಲ್ಲ, ಅಷ್ಟೆ.

ಧಾರವಾಡದ ಕಡೆಯ ಕಸೂತಿಯೂ ಹೀಗೆ ಮನೆಯೊಳಗೇ ಬೆಳೆದ ವಿದ್ಯೆ. ಗವಂತಿ, ಮುರ್ಗಿ, ನೇಯ್ಗೆ, ಮೆಂತ್ಯೆ ಎಂದು ನಾಲ್ಕು ಹೊಲಿಗೆ. ಪೆನ್ಸಿಲಿನಿಂದ ಗೆರೆ ಎಳೆಯುವ ಹಾಗಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಗಂಟು ಕಾಣಬಾರದು.

ಯಂತ್ರ ಬಂದ ಮೇಲೆ ಕಥೆ ಬದಲಾಯಿತು. ಅಮೆರಿಕದ ಎಲಿಯಾಸ್ ಹೋವ್ ಪೇಟೆಂಟ್ ಪಡೆದದ್ದು 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ. ಸಿಂಗರ್ ಕಂಪನಿಯವರ ನಿಜವಾದ ಜಾಣತನ ಕಂತಿನ ಮಾರಾಟ. ಒಮ್ಮೆಲೇ ದುಡ್ಡು ಕೊಡಲಾಗದ ಮನೆಗೂ ಮಷಿನ್ ಹೋಯಿತು. ಯಂತ್ರಗಳನ್ನು ಅನುಮಾನದಿಂದ ಕಾಣುತ್ತಿದ್ದ ಗಾಂಧೀಜಿ ಕೂಡ 1924ರಲ್ಲಿ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಹೊಲಿಗೆಯಲ್ಲಿ ದಣಿಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದ ಎಂದು ಅವರು ನಂಬಿದ್ದರು. ಸಿಂಗರನ ಚರಿತ್ರೆ ಓದಿದವರು ಈ ಕಥೆಯನ್ನು ಒಪ್ಪಲಿಕ್ಕಿಲ್ಲ! ನಮ್ಮ ದೇಶದಲ್ಲಿ 1930ರ ದಶಕದಲ್ಲಿ ಕಲ್ಕತ್ತೆಯಿಂದ ಉಷಾ ಮಷಿನ್ ಬಂತು. ಮದುವೆಯಲ್ಲಿ ಹೊಲಿಗೆ ಮಷಿನ್ ಕೊಡುವ ರೂಢಿಯನ್ನು ನಮ್ಮೂರ ಹಿರಿಯರು ಇನ್ನೂ ನೆನೆಯುತ್ತಾರೆ.

ಇಲ್ಲಿ ಗಡಿಯ ಮಕ್ಕಳ ಒಂದು ತಮಾಷೆ ಹೇಳಲೇಬೇಕು. ತೆಲುಗಿನಲ್ಲಿ ಹೊಲಿಗೆಗೆ "ಕುಟ್ಟು" ಎನ್ನುತ್ತಾರೆ. ಮನೆಯಲ್ಲಿ ಕನ್ನಡ ಮಾತ್ರ ಕೇಳಿದ ಮಗು "ಕುಟ್ಟು ಮಿಷನ್" ಎಂಬ ಬೋರ್ಡು ಓದಿ, ಅಲ್ಲಿ ಖಾರದಪುಡಿ ಕುಟ್ಟುತ್ತಾರೆ ಎಂದುಕೊಳ್ಳುತ್ತದೆ. ನಮ್ಮ ತರಗತಿಯಲ್ಲೇ ನಡೆದದ್ದು.

ಶಾಲೆ ಈ ವಿದ್ಯೆಯನ್ನು ಪಿರಿಯಡ್ ಮಾಡಿತು. 1937ರ ವಾರ್ಧಾ ಶಿಕ್ಷಣ ಯೋಜನೆ ಕೈಕೆಲಸವನ್ನೇ ಪಾಠದ ನಡುವೆ ಇಟ್ಟಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕೆಲಸ ಎಂಬುದನ್ನು ಸೂಚಿಸಿತು. ಆಂಧ್ರದಲ್ಲಿ ಟೈಲರಿಂಗ್‌ಗೆ ಲೋಯರ್, ಹೈಯರ್ ಪರೀಕ್ಷೆಗಳಿವೆ, ಪಾಸಾದ ಎಷ್ಟೋ ಹೆಣ್ಣುಮಕ್ಕಳು ಅದರಿಂದಲೇ ಸಂಸಾರ ತೂಗಿಸಿದ್ದಾರೆ. ಅದು ಸಣ್ಣ ಮಾತಲ್ಲ. ಆದರೆ ನಾನು ಓದಿದ ಶಾಲೆಯಲ್ಲಿ ಹೊಲಿಗೆ ಪಿರಿಯಡ್ ಬಂದರೆ ಹುಡುಗಿಯರು ಒಳಗೆ, ಹುಡುಗರು ಮೈದಾನಕ್ಕೆ. ಒಳಗೆ ಕೂತವರಲ್ಲಿ ಆಡಬೇಕೆಂದವರಿದ್ದರು. ಅಜ್ಜಿಯ ಕೌದಿಗೆ ಹೊಲಿಗೆ ಹಾಕಿದ್ದ ನನಗೆ ಒಳಗೆ ಕೂರುವ ಆಸೆ. ಕೇಳಿದ್ದಕ್ಕೆ ತರಗತಿಯೆಲ್ಲ ನಕ್ಕಿತು, ಮೇಷ್ಟ್ರೂ ನಕ್ಕರು. ಊರಿನಲ್ಲಿ ಅಂಗಡಿ ಇಟ್ಟ ಟೈಲರುಗಳೆಲ್ಲ ಗಂಡಸರೇ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ದುಡ್ಡು ಬಂದರೆ ಗಂಡಸರ ಕೆಲಸ, ಬರದಿದ್ದರೆ ಹೆಂಗಸರ ಕೆಲಸ, ಯಾವುದೂ ಇಲ್ಲದೆ ಬರಿಯ ಖುಷಿಗೆ ಹೊಲಿಯುತ್ತೇನೆ ಎಂದರೆ ನಗೆ!

ಈಗ ನಮ್ಮ ಶಾಲೆಯಲ್ಲಿ ಆ ಪಿರಿಯಡ್ಡೇ ಇಲ್ಲ.

ಲೇಪಾಕ್ಷಿಯಿಂದ ಬಂದ ಮರುದಿನ ಪ್ರಶ್ನೆ ಕೇಳಿದ್ದ ಹುಡುಗಿ ಗಣಿತದ ಗ್ರಾಫ್ ಹಾಳೆಯಲ್ಲಿ ಲತಾಮಂಟಪದ ಒಂದು ಅಂಚನ್ನು ಚೌಕ ಎಣಿಸಿ ಬರೆದು ತಂದಳು. ಅದನ್ನೇ ಬಟ್ಟೆಯ ಮೇಲೆ ಹಾಕೋಣ ಎಂದೆ. ಹಳೆಯ ಯೂನಿಫಾರಂ ತುಂಡು, ಸೂಜಿ, ಕೆಂಪು ದಾರ, ಇಷ್ಟೇ ಬಂಡವಾಳ. ಶನಿವಾರ ಶಾಲೆ ಬಿಟ್ಟ ಮೇಲೆ ಐದು ಜನ ಕೂತರು, ಅದರಲ್ಲಿ ಇಬ್ಬರು ಹುಡುಗರು. ಒಬ್ಬ ಮೊದಲು ತನ್ನ ಅಂಗಿಯ ಕಿತ್ತುಹೋದ ಗುಂಡಿ ಹಾಕಿಕೊಂಡ, ಆಮೇಲೆ ಅಂಚಿಗೆ ಬಂದ. ಎರಡು ವಾರದಲ್ಲಿ ನಾಲ್ಕು ಬೆರಳಿನಷ್ಟು ಆಗಿದೆ. ತಿರುಗಿಸಿ ನೋಡಿದರೆ ಹಿಂದೆಲ್ಲ ಗಂಟು, ಧಾರವಾಡದವರು ಖಂಡಿತ ಒಪ್ಪುವುದಿಲ್ಲ. ನಾವು ಬಿಚ್ಚಲಿಲ್ಲ.