ಸಾವಕಾಶ ಬೆಂದ ಹಣ್ಣು: ಕ್ರಿಸ್ಪಿನ ಕಥಿ, ಸ್ಲೋ ಕುಕ್ಕರಿನ ಕಥಿ

ಸ್ಲೋ ಕುಕ್ಕರಿನ್ಯಾಗ ಸೇಬುಹಣ್ಣಿನ ಕ್ರಿಸ್ಪ್ ಮಾಡೂದು ಅಂದ್ರ ಎರಡು ಬ್ಯಾರೆ ಬ್ಯಾರೆ ಕಥಿನ ಒಂದ ಗಡಿಗ್ಯಾಗ ಹಾಕಿ ಮುಚ್ಚಳಾ ಮುಚ್ಚಿಧಂಗ. ಕ್ರಿಸ್ಪಿನ ಕಥಿ ಇರೂದು ಕೊರತಿಯೊಳಗ. ಮನ್ಯಾಗ ಬೆಣ್ಣಿ ಕಡಿಮಿ, ಸಕ್ರಿ ಕಡಿಮಿ, ಹೊತ್ತೂ ಕಡಿಮಿ ಇದ್ದಾಗ ಹೆಣ್ಣುಮಕ್ಕಳು ನಡಸ್ಕೊಂಡು ಬಂದ ಅಡಿಗಿ ಅದು. ಕುಕ್ಕರಿನ ಕಥಿ ಇರೂದು ವ್ರತದೊಳಗ. ವಾರಕ್ಕ ಒಂದು ದಿನ ಒಲಿ ಹಚ್ಚಬಾರದು ಅಂತ ನೇಮಾ ಹಿಡಿದ ಮಂದಿ ಬಿಸಿ ಊಟಕ್ಕ ಕಂಡುಕೊಂಡ ದಾರಿ ಅದು. ಈ ಎರಡೂ ಹೆಂಗ ಕೂಡಿದ್ವು ಅಂತ ಹೇಳೂದು ನನಗ ಪಾಕ ಹೇಳೂದಕ್ಕಿಂತ ಜರೂರಿ ಅನಸ್ತದ. ಪಾಕಾನೂ ಕಡೀಕ ಹೇಳ್ತೀನಿ, ಚಿಂತಿ ಬ್ಯಾಡ.

ಮೊದಲ ಕ್ರಿಸ್ಪ್ ಅಂದ್ರೇನು ನೋಡ್ರಿ. ಕೆಳಗ ಹೆಚ್ಚಿದ ಹಣ್ಣು, ಮ್ಯಾಲೆ ಹಿಟ್ಟು, ಸಕ್ರಿ, ಬೆಣ್ಣಿ ಕೂಡಿಸಿ ಉದರ ಉದರ ಮಾಡಿ ಉದುರಿಸಿದ ಪದರ. ಅದನ್ನ ಒವನ್ನಿನ್ಯಾಗ ಇಟ್ರ ಹಣ್ಣು ಮೆತ್ತಗಾಗಿ ರಸಾ ಬಿಡ್ತದ, ಮ್ಯಾಲಿನ ಪದರ ಕೆಂಪಗ ಗರಿಗರಿ ಆಗ್ತದ. ಆ ಗರಿಗರಿಗೇ ಕ್ರಿಸ್ಪ್ ಅಂತ ಹೆಸರು. ಮ್ಯಾಲಿನ ಪದರಕ್ಕ ಓಟ್ಸ್ ಹಾಕೂದು ಅಮೆರಿಕಾದಾಗ ರೂಢಿ. ಇಂಗ್ಲೆಂಡಿನ್ಯಾಗ ಇದರ ತಂಗಿಗೆ ಕ್ರಂಬಲ್ ಅಂತಾರ. ಇವೆರಡಕ್ಕಿಂತ ಹಿರೇದು ಬ್ರೌನ್ ಬೆಟ್ಟಿ. ಅದರಾಗ ಒಣಗಿದ ಬ್ರೆಡ್ಡಿನ ಪುಡಿ ಹಾಕ್ತಿದ್ರು. ಇವೆಲ್ಲಾದಕ್ಕೂ ಅಜ್ಜಿ ಅಂದ್ರ ಪೈ. ಪೈ ಮಾಡಬೇಕಾದ್ರ ತಣ್ಣನ್ನ ಬೆಣ್ಣಿ ಹಾಕಿ ಕಣಕಾ ಕಲಸಿ, ಲಟ್ಟಿಸಿ, ಕೆಳಗೊಂದು ಹಾಳಿ ಮ್ಯಾಲೊಂದು ಹಾಳಿ ಹೊದಸಬೇಕು. ಬೆಣ್ಣಿ ಭಾಳ ಬೇಕು, ಕೈ ಪಳಗಿರಬೇಕು. ಕ್ರಿಸ್ಪಿಗೆ ಲಟ್ಟಣಿಗಿನೂ ಬ್ಯಾಡ, ಮಣಿನೂ ಬ್ಯಾಡ. ಬೆರಳಿನ್ಯಾಗ ತಿಕ್ಕಿ ಉದುರಿಸಿದ್ರ ಮುಗೀತು. ನಮ್ಮಲ್ಲೆ ಹೋಳಿಗಿ ಮಾಡೂ ಪುರಸೊತ್ತು ಇಲ್ಲದಾಗ ಮಾದಲಿ ಮಾಡ್ತೀವಲ್ಲ, ಹಂಗ.

ಈ ಹೆಸರಿನ ಅಡಿಗಿ ಭಾಳ ಹಳೇದೇನಲ್ಲ. 1924ರಾಗ ಇಸಾಬೆಲ್ ಈಲಿ ಲಾರ್ಡ್ ಅನ್ನೋರ ‘ಎವ್ರಿಬಡೀಸ್ ಕುಕ್ ಬುಕ್’ ಅನ್ನೋ ಅಮೆರಿಕಾದ ಪುಸ್ತಕದಾಗ ಆ್ಯಪಲ್ ಕ್ರಿಸ್ಪಿನ ಪಾಕ ಅಚ್ಚಾಗಿತ್ತು. ಅಲ್ಲೆ ಓಟ್ಸ್ ಆವಾಗಲೇ ಮನಿ ಮನಿಗೆ ಹೊಕ್ಕಿತ್ತು. ಅದಕ್ಕೂ ಮೊದಲ ಓಟ್ಸ್ ಕುದುರಿ ತಿನ್ನೂ ಕಾಳು ಅಂತ ಮಂದಿ ಮೂಗು ಮುರೀತಿದ್ರು. 1755ರಾಗ ತನ್ನ ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್ ಸೈತ, ಇಂಗ್ಲೆಂಡಿನ್ಯಾಗ ಇದನ್ನ ಕುದುರಿಗೆ ಹಾಕ್ತಾರ, ಸ್ಕಾಟ್ಲೆಂಡಿನ್ಯಾಗ ಮಂದಿ ತಿಂತಾರ ಅನ್ನೋ ಅರ್ಥದಾಗ ಚಾಷ್ಟಿ ಮಾಡಿದ್ದ. ಆ ಕುದುರಿ ಕಾಳೇ ಮುಂದ ಡಬ್ಬಿ ಸೇರಿ ಎಲ್ಲಾರ ನಾಷ್ಟಾ ಆತು. ನಮ್ಮ ಜ್ವಾಳ, ನವಣಿ ಸುದ್ದಿನೂ ಹಂಗ ಅಲ್ಲೇನು? ನಿನ್ನಿ ತನಕ ಬಡವರ ಕಾಳು, ಇವತ್ತು ಅದಕ್ಕ ಸಿರಿಧಾನ್ಯ ಅಂತ ಹೆಸರು, ಮ್ಯಾಲೆ ಗೋದಿಕಿಂತ ಹೆಚ್ಚಿನ ರೇಟು.

ಇಂಗ್ಲೆಂಡಿನ್ಯಾಗ ಕ್ರಂಬಲ್ ಬೇರೂರಿದ್ದು ಎರಡನೇ ಮಹಾಯುದ್ಧದಾಗ. 1940ರ ಜನವರಿ 8ಕ್ಕ ಅಲ್ಲೆ ರೇಷನ್ ಶುರು ಆತು. ಮೊದಲ ಹಿಡದದ್ದ ಹಂದಿಮಾಂಸ, ಬೆಣ್ಣಿ, ಸಕ್ರಿ. ಯುದ್ಧದ ಭಾಳ ದಿನ ಒಬ್ಬರಿಗೆ ವಾರಕ್ಕ ಸಿಗ್ತಿದ್ದ ಬೆಣ್ಣಿ ಎರಡು ಔನ್ಸ್, ಅಂದ್ರ ಸುಮಾರು 55 ಗ್ರಾಂ; ಸಕ್ರಿ ಎಂಟು ಔನ್ಸ್, ಸುಮಾರು 225 ಗ್ರಾಂ. ಅಷ್ಟರಾಗ ಪೈ ಎಲ್ಲಿಂದ ಮಾಡ್ತೀರಿ? ಹಿತ್ತಲದಾಗ ಬೆಳೆದ ಸೇಬು ಹೆಚ್ಚಿ, ಇದ್ದಷ್ಟು ಮಾರ್ಗರಿನ್ ಹಿಟ್ಟಿಗೆ ತಿಕ್ಕಿ, ಸಾಲದಿದ್ರ ಓಟ್ಸ್, ಬ್ರೆಡ್ಡಿನ ಪುಡಿ ಬೆರಸಿ ಮ್ಯಾಲೆ ಉದುರಿಸಿದ್ರು. ಕಡೀ ರೇಷನ್ ತೆಗದದ್ದು 1954ರ ಜುಲೈದಾಗ. ಹದಿನಾಲ್ಕು ವರ್ಷ ಹಂಗ ಮಾಡಿದ ಮ್ಯಾಲೆ ಕೊರತಿ ಅಡಿಗಿ ಹೋಗಿ ಅದೇ ಅವರ ಐತವಾರದ ಊಟದ ಸಿಹಿ ಆಗಿ ಉಳೀತು.

ಆದ್ರ ಒಂದು ಮಾತು ಹೇಳದ ಮುಂದ ಹೋಗಾಕ ನನಗ ಮನಸ್ಸಿಲ್ಲ. ಅದೇ ಯುದ್ಧ, ಅದೇ ಸರಕಾರ. ಅಲ್ಲೆ ವಾರಕ್ಕ ಎರಡು ಔನ್ಸ್ ಆದ್ರೂ ಬೆಣ್ಣಿ ಎಲ್ಲಾರಿಗೂ ಸಮಾ ಸಿಗಲಿ ಅಂತ ಚೀಟಿ ಹಂಚ್ತಿದ್ರು. ಇಲ್ಲೆ 1943ರಾಗ ಬಂಗಾಲದಾಗ ಲಕ್ಷಗಟ್ಟಲೆ ಮಂದಿ ಅನ್ನ ಇಲ್ಲದ ಸತ್ತರು. ಕ್ರಂಬಲಿನ ಕಥಿ ಹೇಳೋ ಪುಸ್ತಕಗಳು ಇಂಗ್ಲೆಂಡಿನ ಗೃಹಿಣಿಯ ಜಾಣತನ ಹೊಗಳ್ತಾವ. ಹೊಗಳಲಿ, ಅದು ಖರೇನ. ಆದ್ರ ಕೊರತಿಯೊಳಗ ಜಾಣತನ ತೋರಸಬೇಕಂದ್ರೂ ಕೈಯ್ಯಾಗ ಒಂದು ಮುಷ್ಟಿ ಹಿಟ್ಟು ಇರಬೇಕು. ಅದೂ ಇಲ್ಲದ ಹೆಣ್ಣುಮಕ್ಕಳ ಅಡಿಗಿ ಯಾವ ಪುಸ್ತಕದಾಗೂ ಬರಂಗಿಲ್ಲ.

ಈಗ ಗಡಿಗಿ ಕಥಿ. ಯಹೂದಿ ಮಂದಿಗೆ ಶುಕ್ರವಾರ ಹೊತ್ತು ಮುಣುಗಿದ್ದರಿಂದ ಶನಿವಾರ ಕತ್ತಲಾಗೂ ತನಕ ಸಬ್ಬತ್. ಆವಾಗ ಬೆಂಕಿ ಹಚ್ಚಬಾರದು ಅಂತ ಅವರ ಧರ್ಮಗ್ರಂಥದ ಆಜ್ಞಾ. ಹಂಗಂತ ಹಬ್ಬದ ದಿನ ತಂಗಳ ತಿನ್ನೂದು ಯಾರಿಗೆ ಸೇರ್ತದ? ಅದಕ್ಕ ಕಾಳು, ಬಾರ್ಲಿ, ಬಟಾಟಿ, ಮಾಂಸಾ ಕೂಡಿಸಿದ ಚೋಲೆಂಟ್ ಅನ್ನೋ ಅಡಿಗಿನ ಶುಕ್ರವಾರ ಸಂಜೀಕ ಮೊದಲ ಒಲಿಗೆ ಏರಿಸಿ ಬಿಡ್ತಿದ್ರು. ಪೂರ್ವ ಯುರೋಪಿನ ಊರುಗಳಾಗ ಮನ್ಯಾಗ ದೊಡ್ಡ ಒಲಿ ಇಲ್ಲದವರು ತಮ್ಮ ತಮ್ಮ ಗಡಿಗಿ ತೊಗೊಂಡು ಬ್ರೆಡ್ಡಿನ ಭಟ್ಟಿಗೆ ಹೋಗ್ತಿದ್ರು. ಭಟ್ಟಿ ಆರಿಸಿದ ಮ್ಯಾಲೂ ಅದರ ಕಾವು ರಾತ್ರಿಯೆಲ್ಲಾ ಇರ್ತಿತ್ತು. ಆ ಕಾವಿನ್ಯಾಗ ಗಡಿಗಿ ಹಗುರಕ ಕುದ್ದು, ಮರುದಿನ ಬಿಸಿಬಿಸಿ ಊಟ ತಯಾರ. ನಮ್ಮ ಮನಿಗಳಾಗೂ ರಾತ್ರಿ ಉರಿ ಆರಿಸಿದ ಮ್ಯಾಲೆ ಕೆಂಡದ ಮ್ಯಾಲೆ ಹಾಲಿನ ಗಡಿಗಿ ಇಡ್ತಿದ್ರು, ಬೂದಿ ಒಳಗ ಬದನಿಕಾಯಿ ಹುಗೀತಿದ್ರು. ಆರೋ ಬೆಂಕಿನ ಹಾಳು ಮಾಡಬಾರದು ಅನ್ನೂದು ಎಲ್ಲಾ ಕಡೆ ಹೆಣ್ಣುಮಕ್ಕಳಿಗೆ ಗೊತ್ತಿದ್ದ ಶಾಸ್ತ್ರ.

ಲಿಥುವೇನಿಯಾದ ವಿಲ್ನಾ ಊರಾಗ ಬೆಳೆದ ತಮಾರಾ ಅನ್ನೋ ಹೆಣ್ಣುಮಗಳು ಸಣ್ಣಾಕಿ ಇದ್ದಾಗ ಹಿಂಗ ಅವ್ವ ಕೊಟ್ಟ ಗಡಿಗಿ ಹೊತ್ತುಕೊಂಡು ಭಟ್ಟಿಗೆ ಹೋಗ್ತಿದ್ದಳು. ಮುಂದ ಅಮೆರಿಕಾದಾಗ ಆ ಸುದ್ದಿನ ಮಗಾ ಇರ್ವಿಂಗ್‌ಗೆ ಹೇಳಿದಳು. ಮಗಾ ಎಂಜಿನಿಯರ್. ಇರ್ವಿಂಗ್ ನಾಖುಮ್ಸೋನ್ ಅಂತ ಹೆಸರು, ಆಮ್ಯಾಲೆ ನ್ಯಾಕ್ಸನ್ ಅಂತ ಬದಲು ಮಾಡಿಕೊಂಡ. ಭಟ್ಟಿ ಇಲ್ಲದ ಆ ಕಾವು ಹೆಂಗ ತರಬೇಕು ಅಂತ ವಿಚಾರ ಮಾಡಿ, ಒಳಗಿನ ಗಡಿಗಿ ಸುತ್ತ ಕಾವು ಕೊಡೋ ಕರೆಂಟಿನ ಸುರುಳಿ ಇಟ್ಟು ಒಂದು ಉಪಕರಣ ಮಾಡಿದ. 1936ರಾಗ ಪೇಟೆಂಟಿಗೆ ಅರ್ಜಿ ಹಾಕಿದ, 1940ರ ಜನವರಿದಾಗ ಪೇಟೆಂಟ್ ಸಿಕ್ಕಿತು. ಬ್ಯಾಸಗ್ಯಾಗ ಒವನ್ ಹಚ್ಚಿ ಮನಿ ಕಾಯಿಸೂದು ತಪ್ಪಲಿ ಅನ್ನೂದೂ ಅವನ ಮನಸ್ಸಿನ್ಯಾಗ ಇತ್ತಂತ. ‘ನ್ಯಾಕ್ಸನ್ ಬೀನರಿ’ ಅಂತ ಅದಕ್ಕ ಹೆಸರಿಟ್ಟ, ಕಾಳು ಬೇಯಿಸೋ ಗಡಿಗಿ ಅಂತ.

ಇಸವಿ ನೋಡ್ರಿ. 1940ಕ್ಕ ಪೇಟೆಂಟ್. 1941ರ ಜೂನ್‌ದಾಗ ಜರ್ಮನ್ ಸೈನ್ಯ ವಿಲ್ನಾಕ್ಕ ಬಂತು. ಊರ ಹೊರಗಿನ ಪೋನಾರಿ ಕಾಡಿನ್ಯಾಗ ಹತ್ತಾರು ಸಾವಿರ ಯಹೂದಿಗಳನ್ನ ಗುಂಡಿಟ್ಟು ಕೊಂದರು. ಯುದ್ಧ ಮುಗಿಯೂದ್ರಾಗ ಆ ಊರಿನ ಯಹೂದಿ ಓಣಿಗಳಾಗ ಶುಕ್ರವಾರ ಸಂಜಿಗೆ ಗಡಿಗಿ ಹೊರೂ ಹುಡುಗ್ಯಾರೂ ಉಳೀಲಿಲ್ಲ, ಅವರ ಗಡಿಗಿ ಇಟ್ಟುಕೊಳ್ಳೋ ಭಟ್ಟಿನೂ ಉಳೀಲಿಲ್ಲ. ತಮಾರಾ ಹೇಳಿದ ನೆನಪು ಮಾತ್ರ ಒಂದು ಕರೆಂಟಿನ ಡಬ್ಬಿಯೊಳಗ ಸಮುದ್ರದ ಆಚೆ ಉಳೀತು.

1970ರಾಗ ನ್ಯಾಕ್ಸನ್ ತನ್ನ ಕಂಪನಿನ ಮಿಸ್ಸೌರಿ ರಾಜ್ಯದ ಕ್ಯಾನ್ಸಸ್ ಸಿಟಿಯ ರೈವಲ್ ಕಂಪನಿಗೆ ಮಾರಿದ. ರೈವಲ್‌ನವರು ಅದನ್ನ ತಿದ್ದಿ, ತಮ್ಮಲ್ಲಿಯ ಅಡಿಗಿ ಬಲ್ಲ ಹೆಣ್ಣುಮಗಳ ಕಡಿಂದ ಪಾಕಾ ಮಾಡಿಸಿ ನೋಡಿ, 1971ರಾಗ ಕ್ರಾಕ್-ಪಾಟ್ ಅಂತ ಹೆಸರಿಟ್ಟು ಪ್ಯಾಟಿಗೆ ಬಿಟ್ಟರು. ಕಾಳು ಹೋತು, ಸಬ್ಬತ್ ಹೋತು. ಡಬ್ಬಿ ಮ್ಯಾಲೆ ಬಂದದ್ದು ನೌಕರಿಗೆ ಹೋಗೋ ಹೆಣ್ಣುಮಗಳು. ಮುಂಜಾನೆ ಹಾಕಿ ಹೋಗ್ರಿ, ಸಂಜೀಕ ಬರೂದ್ರಾಗ ಅಡಿಗಿ ಆಗಿರ್ತದ ಅನ್ನೂದು ಜಾಹೀರಾತಿನ ಸಾರ. 1973ರಾಗ ತೈಲದ ಬಿಕ್ಕಟ್ಟು ಬಂದು ಎಲ್ಲಾರೂ ಕರೆಂಟು, ಗ್ಯಾಸಿನ ಲೆಕ್ಕಾ ಹಿಡಿಯೂದಕ್ಕ ಹತ್ತಿದಾಗ ಕಡಿಮಿ ಕರೆಂಟಿನ ಈ ಗಡಿಗಿಗೆ ಇನ್ನೂ ಬೆಲಿ ಬಂತು. 1974ರಿಂದ ಒಳಗಿನ ಗಡಿಗಿ ಹೊರಗ ತೆಗದು ತೊಳೆಯೋ ಹಂಗ ಆತು. 1975ರಾಗ ಮೇಬಲ್ ಹಾಫ್‌ಮನ್ ಅನ್ನೋರು ‘ಕ್ರಾಕರಿ ಕುಕರಿ’ ಅಂತ ಪುಸ್ತಕಾ ಬರದ್ರು. ಅದು ಲಕ್ಷಗಟ್ಟಲೆ ಖರ್ಚಾತು.

ಹಂಗಾರ ಹೆಣ್ಣುಮಕ್ಕಳ ಕೆಲಸಾ ಕಡಿಮಿ ಆತೇನು? ರೂತ್ ಶ್ವಾರ್ಟ್ಸ್ ಕೋವನ್ ಅನ್ನೋ ಇತಿಹಾಸಕಾರ್ತಿ 1983ರಾಗ ಒಂದು ಪುಸ್ತಕಾನ ಬರದು, ಮನಿಗೆ ಯಂತ್ರ ಬಂದ್ರೂ ಅವ್ವನ ಕೆಲಸಾ ಇಳೀಲಿಲ್ಲ ಅಂತ ತೋರಿಸ್ಯಾರ. ಅದು ಓದದ ನಮಗೂ ಗೊತ್ತಿರೋ ಸಂಗತಿ. ಗಡಿಗಿ ತಾನ ಬೇಯಿಸ್ತದ, ತಾನ ಹೆಚ್ಚಂಗಿಲ್ಲ. ಸಂಜಿ ಆರಕ್ಕ ನಿಂತು ಮಾಡೋ ಅಡಿಗಿನ ಮುಂಜಾನೆ ಆರಕ್ಕ ನಿಂತು ಮಾಡಬೇಕು, ಅಷ್ಟ. ಕೆಲಸದ ಹೊತ್ತು ಬದಲಾತು, ಕೆಲಸಾ ಮಾಡಾಕಿ ಬದಲಾಗಲಿಲ್ಲ. ಸಬ್ಬತ್ ಗಡಿಗಿಯೊಳಗ ಒಂದು ದೊಡ್ಡ ಮಾತು ಇತ್ತು: ವಾರಕ್ಕ ಒಂದು ದಿನ ಅಡಿಗಿ ಮಾಡಾಕಿಗೂ ವಿಶ್ರಾಂತಿ. ಪ್ಯಾಟಿಗೆ ಬರೋ ಮುಂದ ಆ ವಿಶ್ರಾಂತಿನ ತೆಗದು, ದುಡಿಯೋ ಹೊತ್ತು ಉಳೀತದ ಅಂತ ಮಾರಿದ್ರು. ನಾ ಗಡಿಗಿನ ಬೈಯಂಗಿಲ್ಲ. ಆದ್ರ ಅದರ ಮೂಲಾ ನೆನಪಿಟ್ಟುಕೊಂಡ್ರ, ಅದು ಬೇಯೋ ಹೊತ್ತಿನ್ಯಾಗ ಬಟ್ಟಿ ಒಗೀದ ಸುಮ್ಮನ ಕುಂಡ್ರಬೇಕು ಅಂತಾದ್ರೂ ತಿಳೀತದ.

ಈಗ ಎರಡೂ ಕೂಡಿಸೂದು. ಇಲ್ಲೇ ಒಂದು ತೊಡಕು ಅದ. ಸ್ಲೋ ಕುಕ್ಕರಿನ ಕಾವು ಬದಿಯಿಂದ ಬರ್ತದ, ಕುದಿಯೋ ನೀರಿನಷ್ಟಕ್ಕ ನಿಂದರ್ತದ. ಹಿಟ್ಟು ಕೆಂಪಗಾಗಿ ಗರಿಗರಿ ಆಗಬೇಕಂದ್ರ 140 ಡಿಗ್ರಿ ಸೆಲ್ಸಿಯಸ್ ಮ್ಯಾಲೆ, ಒಣ ಕಾವು ಬೇಕು. ಮ್ಯಾಲಾಗಿ ಹಣ್ಣಿನ ಹಬಿ ಮುಚ್ಚಳಕ್ಕ ಹತ್ತಿ, ನೀರಾಗಿ ತಿರುಗಿ ಕೆಳಗ ಹನೀತದ. ಹಣ್ಣಿಗೆ ಇದು ಅಮೃತ, ಪದರಕ್ಕ ವಿಷ. ಹಂಗಾಗಿ ಇದರಾಗ ಮಾಡಿದ ಕ್ರಿಸ್ಪ್ ಹೆಸರಿಗಷ್ಟ ಕ್ರಿಸ್ಪ್. ಅಮೆರಿಕಾದ ಹೆಣ್ಣುಮಕ್ಕಳು ಮುಚ್ಚಳದ ಕೆಳಗ ಅರಿವಿ ಹಾಸಿ ಹನಿ ಹಿಡೀತಾರ. ನಾ ಇನ್ನೊಂದು ಮಾಡ್ತೀನಿ: ಶಿರಾಕ್ಕ ರವಾ ಹುರದಂಗ ಪದರಾನ ಬ್ಯಾರೆ ಹುರದು, ಬಡಸೋ ಮುಂದ ಮ್ಯಾಲೆ ಹಾಕ್ತೀನಿ.

ಹಣ್ಣಿನ ಮಾತೂ ಅದ. ನಮ್ಮ ಪ್ಯಾಟ್ಯಾಗ ಸಿಗೋ ಕೆಂಪು ಡೆಲಿಶಿಯಸ್ ಸೇಬಿನ ಮೂಲಾನೂ ಅಮೆರಿಕಾನ. ಸ್ಯಾಮ್ಯುಯೆಲ್ ಸ್ಟೋಕ್ಸ್ ಅನ್ನೋರು ಹಿಮಾಚಲದ ಕೋಟಗಢದಾಗ ನೆಲಿ ನಿಂತು, 1916ರ ಸುಮಾರಿಗೆ ಮಿಸ್ಸೌರಿಯ ಸ್ಟಾರ್ಕ್ ನರ್ಸರಿಯಿಂದ ಆ ಸಸಿ ತರಿಸಿ ಹಚ್ಚಿದ್ರು. ಮುಂದ ಅವರು ಸತ್ಯಾನಂದ ಆದ್ರು. ಆ ಸೇಬು ಹಂಗ ತಿನ್ನಾಕ ಚಲೋ, ಬೇಯಿಸಿದ್ರ ಸಪ್ಪಗಾಗಿ ಮಿದ್ದಿ ಆಗ್ತದ. ಬೇಯಿಸೂದಕ್ಕ ಹಸರು ಗ್ರ್ಯಾನಿ ಸ್ಮಿತ್ ಚಲೋ. ಸಿಡ್ನಿ ಹತ್ರ ಮಾರಿಯಾ ಆ್ಯನ್ ಸ್ಮಿತ್ ಅನ್ನೋ ಅಜ್ಜಿಯ ತೋಟದಾಗ 1868ರ ಸುಮಾರಿಗೆ ತಾನಾಗಿ ಹುಟ್ಟಿದ ಗಿಡಾ ಅದು. ಸೇಬು ತುಟ್ಟಿ ಆದ್ರ ಅರೆಹಣ್ಣು ಪೇರಲ, ಇಲ್ಲಾ ಅನಾನಸ್ ಹಾಕ್ರಿ. ಕ್ರಿಸ್ಪಿನ ಧರ್ಮಾನ ಇದ್ದದ್ದರಾಗ ಮಾಡೂದು.

ಅಳತಿ ಹಿಂಗ. ಒಂದು ಕಿಲೋ ಹಣ್ಣು ಅರ್ಧ ಇಂಚು ದಪ್ಪ ಹೆಚ್ಚಿ, ಅರ್ಧ ನಿಂಬಿಹಣ್ಣಿನ ರಸಾ, ನಾಲ್ಕು ಚಮಚಾ ಸಕ್ರಿ, ಒಂದು ಚಮಚಾ ಕಾರ್ನ್‌ಫ್ಲೋರ್, ಚಿಟಿಕಿ ದಾಲ್ಚಿನ್ನಿ ಪುಡಿ ಹಚ್ಚಿ ಗಡಿಗ್ಯಾಗ ಹಾಕ್ರಿ. ನೀರು ಬ್ಯಾಡ, ಹಣ್ಣ ಬಿಡ್ತದ. ಮುಚ್ಚಳದ ಕೆಳಗ ಒಣ ಅರಿವಿ ಹಾಸಿ, ಅಂಚು ಮ್ಯಾಲೆ ಮಡಚ್ರಿ; ಕೆಳಗ ಇಳಿಬಿದ್ದು ಕಾವಿಗೆ ಹತ್ತಬಾರದು. ಹೈ ಮ್ಯಾಲೆ ಎರಡು ತಾಸು, ಲೋ ಮ್ಯಾಲೆ ನಾಲ್ಕು ತಾಸು. ಅತ್ತ ಬೋಗುಣ್ಯಾಗ ನಾಲ್ಕು ಚಮಚಾ ತುಪ್ಪಾ ಕಾಸಿ, ಒಂದು ವಾಟಿ ಓಟ್ಸ್, ಅರ್ಧ ವಾಟಿ ಗೋದಿ ಹಿಟ್ಟು ಸಣ್ಣ ಉರಿ ಮ್ಯಾಲೆ ಘಮ್ ಅನ್ನೂ ತನಕ ಹುರೀರಿ. ಇಳಿಸಿದ ಮ್ಯಾಲೆ ಅರ್ಧ ವಾಟಿ ಬೆಲ್ಲದ ಪುಡಿ, ಚಿಟಿಕಿ ಉಪ್ಪು ಬೆರಸಿ ಆರಾಕ ಬಿಡ್ರಿ. ಓಟ್ಸ್ ಇಲ್ಲಂದ್ರ ಅವಲಕ್ಕಿನೂ ನಡೀತದ.

ಅಮೆರಿಕಾದಿಂದ ಯಾರರ ಈ ಕುಕ್ಕರ್ ತಂದುಕೊಟ್ರ ಮೊದಲ ಕೆಳಗ ಬರದದ್ದು ನೋಡ್ರಿ. ಅಲ್ಲಿಯ ಕರೆಂಟು 120 ವೋಲ್ಟ್, ನಮ್ಮದು 230. ಟ್ರಾನ್ಸ್‌ಫಾರ್ಮರ್ ಇಲ್ಲದ ಹಚ್ಚಬ್ಯಾಡ್ರಿ. ಬಡಸೋ ಮುಂದ ಬಟ್ಟಲಿಗೆ ಹಣ್ಣು ಹಾಕಿ, ಮ್ಯಾಲೆ ಹುರದದ್ದು ಉದುರಿಸಿ, ಮೊದಲನೇ ಬಟ್ಟಲಾ ನೀವ ತೊಗೊಂಡು ಕುಂಡ್ರಿ. ಉಳದವರು ತಾವ ಹಾಕ್ಕೊಳ್ತಾರ.